ಹೆರಾಲ್ಡ್ ಬಾನೆಟ್ಟಿನಡಿ ಜಿಪ್ಸಿ ಎಂಜಿನ್: ದಾವಣಗೆರೆಯ ಒಂದು ಶೆಡ್ಡಿನ ಕೆಲಸ ಹೇಗಿದೆ?

ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಕಡೆಯ ಒಂದು ಶೆಡ್ಡಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ ಕೂರಿಸಿಕೊಡುತ್ತಾರೆ. ಬೋರ್ಡಿಲ್ಲ, ಬಿಲ್ ಕೇಳಿದರೆ ಪುಸ್ತಕ ಹುಡುಕಬೇಕು, ಆದರೆ ಕೆಲಸ ಬಲ್ಲವರು. ಇಲ್ಲಿ ತೂಗಿ ನೋಡಿರುವುದು ಅವರು ಮುಗಿಸಿಕೊಟ್ಟ ಎರಡು ಬಾಗಿಲಿನ ಒಂದು ಹೆರಾಲ್ಡನ್ನು. ಮೇಲೆತ್ತಿ ಟಾರ್ಚ್ ಹಿಡಿದು ಕೆಳಗಿಂದ ನೋಡಿದ್ದೂ ಆಯಿತು, ಚಿತ್ರದುರ್ಗದವರೆಗೆ ಓಡಿಸಿದ್ದೂ ಆಯಿತು. ಒಂದು ಮಾತು ಮೊದಲೇ ಹೇಳಿಬಿಡಬಹುದು: ರೇಡಿಯೇಟರಿನಿಂದ ಗೇರ್‌ಬಾಕ್ಸ್‌ವರೆಗಿನ ಕೆಲಸಕ್ಕೆ ಕೈ ಮುಗಿಯಬೇಕು. ಅಲ್ಲಿಂದ ಹಿಂದಕ್ಕೆ ಹೋದಷ್ಟೂ ಕಾಳಜಿ ಕಡಿಮೆಯಾಗುತ್ತಾ ಬರುತ್ತದೆ.

ಹೆರಾಲ್ಡ್ ಸ್ಪೋರ್ಟ್ಸ್ ಕಾರೇ ಎಂದು ಮೂಗು ಮುರಿಯುವವರಿಗೆ ಎರಡು ಮಾತು. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಜೋಡಿಸಿದ ಈ ಕಾರು ಮೂಲದಲ್ಲಿ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಇದರ ಚಾಸಿಯನ್ನೇ ಗಿಡ್ಡ ಮಾಡಿ ಟ್ರಯಂಫ್ 1962ರಲ್ಲಿ ಸ್ಪಿಟ್‌ಫೈರ್ ಎಂಬ ತೆರೆದ ಸ್ಪೋರ್ಟ್ಸ್ ಕಾರು ಮಾಡಿತು. ಎರಡಕ್ಕೂ ಗೆರೆ ಎಳೆದವರು ಇಟಲಿಯ ಮಿಕೆಲೊಟ್ಟಿ. ಮುಂದಿನ ಸಸ್ಪೆನ್ಷನ್, ರ‍್ಯಾಕ್ ಸ್ಟೀರಿಂಗ್, ಹಿಂದಿನ ಸ್ವಿಂಗ್ ಆಕ್ಸಲ್ (ಎರಡು ಚಕ್ರವೂ ಬೇರೆ ಬೇರೆಯಾಗಿ ತೂಗುವ ಅಚ್ಚು) ಎಲ್ಲ ಒಂದೇ ಮನೆಯವು. ಸಣ್ಣ ಕಾರಿಗೆ ದೊಡ್ಡ ಎಂಜಿನ್ ತುರುಕುವ ಚಾಳಿಯೂ ಟ್ರಯಂಫ್‌ನದೇ: ಇದೇ ಮನೆತನಕ್ಕೆ 1962ರಲ್ಲಿ ಆರು ಸಿಲಿಂಡರಿನ 1.6 ಲೀಟರ್ ಹಾಕಿ ವಿಟೆಸ್, 1966ರಲ್ಲಿ 2 ಲೀಟರ್ ಹಾಕಿ ಜಿಟಿ6. ಜಿಟಿ6ನಲ್ಲಿ ಅವರಿಗೆ ಏನು ಕೈಕೊಟ್ಟಿತೋ ಈ ಶೆಡ್ಡಿನವರಿಗೂ ಅದೇ ಕೈಕೊಟ್ಟಿದೆ. ಅದು ಆಮೇಲೆ.

ನಮ್ಮ ಹೆರಾಲ್ಡಿನ ಮೂಲ ಎಂಜಿನ್ 948 ಸಿಸಿ, ಎರಕದ ಕಬ್ಬಿಣದ ಬ್ಲಾಕು. ನಲವತ್ತು ಅಶ್ವಶಕ್ತಿಗೂ ಕಡಿಮೆ. ಜಿಪ್ಸಿಯ ಎಂಜಿನ್ನಿನ ಬ್ಲಾಕೂ ಹೆಡ್ಡೂ ಎರಡೂ ಅಲ್ಯೂಮಿನಿಯಂ. ದೊಡ್ಡ ಎಂಜಿನ್ ಅಂದರೆ ಮೂಗು ಭಾರವಾಗುತ್ತದೆ ಅನ್ನುವ ಲೆಕ್ಕ ಇಲ್ಲಿ ತಿರುಗುಮುರುಗು. ಮುಂಭಾರ ಹೆಚ್ಚುವುದಿಲ್ಲ, ಸ್ಟೀರಿಂಗ್ ಹಗುರವಾಗಿಯೇ ಉಳಿಯುತ್ತದೆ. ಶೆಡ್ಡಿನವರು ಹಾಕುವುದು ಕಾರ್ಬುರೇಟರ್ ಇರುವ ಎಂಟು ವಾಲ್ವಿನ ಎಂಜಿನ್ನನ್ನು. ಕಾರ್ಬುರೇಟರ್ ಬದಲು ಪೆಟ್ರೋಲನ್ನು ಚಿಮ್ಮಿಸುವ ಹದಿನಾರು ವಾಲ್ವಿನ ಎಂಪಿಎಫ್‌ಐ ಎಂಜಿನ್ 80 ಅಶ್ವಶಕ್ತಿ ಕೊಡುತ್ತದೆ ನಿಜ. ಆದರೆ ಅದರ ಜೊತೆ ಇಸಿಎಂ ಎಂಬ ಕಂಪ್ಯೂಟರು, ಸೆನ್ಸರುಗಳು, ಟ್ಯಾಂಕಿನೊಳಗಿನ ಪಂಪು, ಪೂರಾ ವೈರಿಂಗ್ ಎಲ್ಲ ಬರಬೇಕು. ಎಂಟುನೂರು ಕಿಲೋ ಆಸುಪಾಸಿನ ಕಾರಿಗೆ ಕಾರ್ಬುರೇಟರಿನದೇ ಧಾರಾಳ. ಈ ಆಯ್ಕೆಗೆ ಪೂರ್ತಿ ಅಂಕ.

ಜಿಪ್ಸಿಯನ್ನೇ ಯಾಕೆ, ಅದೇ 1.3 ಲೀಟರ್ ಎಸ್ಟೀಮ್‌ನಲ್ಲೂ ಇದೆಯಲ್ಲ, ಗುಜರಿಯಲ್ಲಿ ಸುಲಭವಾಗಿ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡ ಕೂರುತ್ತದೆ, ಮುಂದಿನ ಚಕ್ರ ತಿರುಗಿಸುತ್ತದೆ. ಅದರ ಗೇರ್‌ಬಾಕ್ಸ್ ಹೆರಾಲ್ಡಿಗೆ ಪ್ರಯೋಜನವಿಲ್ಲ. ಜಿಪ್ಸಿಯಲ್ಲಿ ಎಂಜಿನ್ ಉದ್ದಕ್ಕೆ ಕೂರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಬ್ಬ) ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟ್ ಇದ್ದು, ಟ್ರಾನ್ಸ್‌ಫರ್ ಕೇಸ್ ಬೇರೆಯಾಗಿಯೇ ಚಾಸಿಗೆ ತೂಗುತ್ತದೆ. ಆ ಗಿಡ್ಡ ಶಾಫ್ಟ್ ಬಿಚ್ಚಿದರೆ ಕೈಯಲ್ಲಿ ಉಳಿಯುವುದು ಹಿಂಚಕ್ರದ ಕಾರಿಗೆ ಹೇಳಿ ಮಾಡಿಸಿದಂಥ ಐದು ಗೇರಿನ ಡಬ್ಬ. ಎಂಜಿನ್ನೂ ಡಬ್ಬವೂ ಒಂದೇ ಗಾಡಿಯವಾದ್ದರಿಂದ ಎರಡನ್ನೂ ಜೋಡಿಸುವ ಅಡಾಪ್ಟರ್ ಪ್ಲೇಟನ್ನು ಲೇತಿನಲ್ಲಿ ತಿರುಗಿಸುವ, ಪೈಲಟ್ ಬೇರಿಂಗ್ ಹೊಂದಿಸುವ ರಗಳೆಯೇ ಇಲ್ಲ. ಇಂಥ ಕೆಲಸಗಳಲ್ಲಿ ಅರ್ಧಕ್ಕರ್ಧ ಹಾಳಾಗುವುದು ಅಡಾಪ್ಟರ್ ಪ್ಲೇಟಿನ ನಡುಗೆರೆ ಕೂದಲೆಳೆ ತಪ್ಪಿದ್ದಕ್ಕೆ.

ಈ ಶೆಡ್ಡಿನ ನಿಜವಾದ ಕಸುಬು ಕಾಣುವುದು ಎಂಜಿನ್ ಕೂರಿಸುವ ರೀತಿಯಲ್ಲಿ. ಮೊದಲಿಗೆ ಒಂದು ಖಾಲಿ ಬ್ಲಾಕಿಗೆ ಗೇರ್‌ಬಾಕ್ಸ್ ಡಬ್ಬ ಕಟ್ಟಿ ಇಳಿಸುತ್ತಾರೆ. ಹೆರಾಲ್ಡಿನ ಇಡೀ ಮುಂಭಾಗ, ಮಡ್‌ಗಾರ್ಡ್ ಸಮೇತ, ಮೂಗಿನ ಕಡೆಗೆ ಮಗುಚಿಕೊಳ್ಳುತ್ತದೆ. ಒಳಗೆ ಗೇರ್‌ಬಾಕ್ಸಿನ ಮೇಲಿನ ಕವಚವೂ ಬೋಲ್ಟ್ ಬಿಚ್ಚಿದರೆ ಎದ್ದು ಬರುತ್ತದೆ. ಇಷ್ಟು ತೆರೆದ ಜಾಗ ಇನ್ನಾವ ಹಳೆ ಕಾರಿನಲ್ಲೂ ಸಿಗುವುದು ಕಷ್ಟ. ಚಾಸಿಯ ನಡುವಿಗೆ ದಾರ ಎಳೆದು, ಕ್ರ್ಯಾಂಕಿನ ಮೂಗಿನಿಂದ ಒಂದು, ಗೇರ್‌ಬಾಕ್ಸಿನ ಹಿಂದಿನ ತುದಿಯ ಫ್ಲ್ಯಾಂಜಿನಿಂದ (ಶಾಫ್ಟ್ ಕಟ್ಟುವ ಬಿಲ್ಲೆ) ಇನ್ನೊಂದು ತೂಕದ ಗುಂಡು ಇಳಿಬಿಟ್ಟು, ಎರಡೂ ದಾರಕ್ಕೆ ತಾಗುವವರೆಗೆ ಬ್ಲಾಕನ್ನು ಕೂದಲು ಕೂದಲು ಸರಿಸುತ್ತಾರೆ. ಹಿಂದಕ್ಕೆ ಮೂರು ಡಿಗ್ರಿ ಇಳಿಜಾರು. ಚಾಸಿಯ ಮುಂದಿನ ಅಡ್ಡಪಟ್ಟಿಯಾದ ಕ್ರಾಸ್‌ಮೆಂಬರಿಗೂ ಎಂಜಿನ್ನಿನ ಕೆಳಗಿನ ಎಣ್ಣೆ ತಟ್ಟೆಯಾದ ಸಂಪಿಗೂ ನಡುವೆ ಹದಿನೈದು ಮಿಲಿಮೀಟರಿಗೆ ಕಡಿಮೆಯಾಗಬಾರದು, ಏಕೆಂದರೆ ಎಂಜಿನ್ ರಬ್ಬರಿನ ಮೇಲೆ ತೂಗಾಡುತ್ತದೆ. ಸ್ಟೀರಿಂಗ್ ಕಾಲಮ್ಮಿಗೂ ಹೊಗೆ ಹೋಗುವ ಬಿಸಿ ಮ್ಯಾನಿಫೋಲ್ಡಿಗೂ ಇಪ್ಪತ್ತೈದು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಈ ಎಂಜಿನ್ನಿನಲ್ಲಿ ಹೆಡ್ಡಿನ ಹಿಂದಿನ ತುದಿಯಲ್ಲಿದೆ, ಅಂದರೆ ನೇರ ಫೈರ್‌ವಾಲಿಗೆ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು) ಮುಖ. ಕ್ಯಾಪ್ ಬಿಚ್ಚಲು ಬೆರಳು ಹೋಗುವಷ್ಟು ಜಾಗ ಬಿಡದೆ ಕೂರಿಸಿದರೆ ಪ್ರತಿ ಟ್ಯೂನಿಂಗಿಗೂ ಎಂಜಿನ್ ಮುಂದಕ್ಕೆ ಎಳೆಯಬೇಕಾಗುತ್ತದೆ. ಇವರು ಕೈ ಆಡುವಷ್ಟು ಬಿಟ್ಟಿದ್ದಾರೆ, ಫೈರ್‌ವಾಲ್ ಕತ್ತರಿಸಿಲ್ಲ.

ಅಳತೆಯೆಲ್ಲ ಕೂಡಿ ಬಂದ ಮೇಲೇ ಮೌಂಟಿನ ಬ್ರಾಕೆಟ್ಟು. ಚಾಸಿಗೆ ನೇರ ವೆಲ್ಡಿಂಗ್ ಇಲ್ಲ. ಹಳೆಯ ಮೌಂಟಿನ ತೂತುಗಳಿಗೇ ಬೋಲ್ಟ್ ಆಗುವಂತೆ ಐದು ಮಿಲಿಮೀಟರ್ ದಪ್ಪದ ಪ್ಲೇಟು, ಮೂಲೆಗೆ ತ್ರಿಕೋನದ ಒತ್ತು. ಬೇಕೆಂದರೆ ನಾಳೆ ಹಳೆ ಎಂಜಿನ್ನನ್ನೇ ವಾಪಸ್ ಕೂರಿಸಬಹುದು. ಸ್ಪೇಸರು, ಬುಷ್ಷುಗಳನ್ನೆಲ್ಲ ತಿರುಗಿಸಿದ್ದು ಹರಿಹರದ ಮೈಸೂರು ಕಿರ್ಲೋಸ್ಕರ್‌ನ ಹಳೇ ಲೇತಿನಲ್ಲಿ. ಆ ಕಾರ್ಖಾನೆ ಹೋದರೂ ಈ ಸೀಮೆಯ ಟರ್ನರುಗಳ ಕೈಗುಣ ಹೋಗಿಲ್ಲ ಅನ್ನುವುದು ಬುಷ್ಷಿನೊಳಗೆ ಬೆರಳಾಡಿಸಿದರೇ ಗೊತ್ತಾಗುತ್ತದೆ.

ಕ್ಲಚ್ಚಿನಲ್ಲೂ ತಲೆ ಓಡಿಸಿದ್ದಾರೆ. ಜಿಪ್ಸಿಯದು ಕೇಬಲ್ ಕ್ಲಚ್ಚು, ಹೆರಾಲ್ಡಿನದು ಹೈಡ್ರಾಲಿಕ್. ಪೆಡಲ್ ಪೆಟ್ಟಿಗೆ ಕತ್ತರಿಸಿ ಕೇಬಲ್ ಹಾಕುವ ಬದಲು, ಕೇಬಲ್ ಯಾವ ದಿಕ್ಕಿಗೆ ಲಿವರನ್ನು ಎಳೆಯುತ್ತಿತ್ತೋ ಅದೇ ದಿಕ್ಕಿಗೆ ತಳ್ಳುವಂತೆ ಸ್ಲೇವ್ ಸಿಲಿಂಡರನ್ನು (ಪೆಡಲಿನ ಎಣ್ಣೆ ಒತ್ತಡದಿಂದ ಓಡುವ ಪುಟ್ಟ ಸಿಲಿಂಡರು) ಡಬ್ಬದ ಬದಿಗೆ ಕಟ್ಟಿದ್ದಾರೆ. ಇಲ್ಲಿ ಹಲವರು ಎಡವುವುದು ಲಿವರಿನ ಓಟದ ಅಳತೆಯಲ್ಲಿ. ಸ್ಲೇವಿನ ಬೋರು ದೊಡ್ಡದಾದರೆ ಪೆಡಲ್ ಹಗುರ, ಆದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ರಿವರ್ಸ್ ಹಾಕಿದರೆ ಕಿರ್ರೆನ್ನುತ್ತದೆ. ಈ ಕಾರಿನಲ್ಲಿ ರಿವರ್ಸ್ ಸದ್ದಿಲ್ಲದೆ ಬೀಳುತ್ತದೆ.

ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಗ್ಗೆ ಒಂದು ಎಚ್ಚರಿಕೆ, ಒಂದು ಮೆಚ್ಚುಗೆ. ಹೆರಾಲ್ಡಿನ ಡಿಫರೆನ್ಷಿಯಲ್ (ಶಾಫ್ಟಿನ ಶಕ್ತಿಯನ್ನು ಎರಡು ಹಿಂಚಕ್ರಕ್ಕೆ ಹಂಚುವ ಗೇರು ಪೆಟ್ಟಿಗೆ) ಚಾಸಿಗೇ ಬಿಗಿದಿರುವುದರಿಂದ ಹಳೆಯ ಕಾರುಗಳಲ್ಲಿ ಉದ್ದ ಹಿಗ್ಗಿ ಕುಗ್ಗಲು ಬಿಡುವ ಜಾರುವ ಸ್ಪ್ಲೈನೇ ಇಲ್ಲದ ಶಾಫ್ಟ್ ಸಿಗುವುದುಂಟು. ಅದನ್ನೇ ಕತ್ತರಿಸಿ ಜೋಡಿಸಿದರೆ ಎಂಜಿನ್ ಮೌಂಟಿನ ಮೇಲೆ ಹಿಂದೆ ಮುಂದೆ ಆಡಿದಾಗಲೆಲ್ಲ ಆ ಒತ್ತಡ ಗೇರ್‌ಬಾಕ್ಸಿನ ಹಿಂದಿನ ಬೇರಿಂಗಿನ ಮೇಲೆ ಬೀಳುತ್ತದೆ. ಶೆಡ್ಡಿನವರು ಒಂದು ತುದಿಗೆ ಜಿಪ್ಸಿಯ ಯೋಕ್ (ಕೀಲು ಹಿಡಿಯುವ ಕವಲು), ಇನ್ನೊಂದು ತುದಿಗೆ ಹೆರಾಲ್ಡಿನ ಯೋಕ್, ನಡುವೆ ಜಾರುವ ಸ್ಪ್ಲೈನ್ ಇಟ್ಟು ಹೊಸ ಟ್ಯೂಬಿನಲ್ಲಿ ಶಾಫ್ಟ್ ಕಟ್ಟಿಸಿ ಬ್ಯಾಲೆನ್ಸ್ ಮಾಡಿಸಿದ್ದಾರೆ. ಎರಡೂ ತುದಿಯ ಯೋಕುಗಳು ಒಂದೇ ಸಾಲಿನಲ್ಲಿವೆಯೇ, ಗೇರ್‌ಬಾಕ್ಸಿನ ಫ್ಲ್ಯಾಂಜೂ ಡಿಫರೆನ್ಷಿಯಲ್ ಫ್ಲ್ಯಾಂಜೂ ಒಂದು ಡಿಗ್ರಿಯೊಳಗೆ ಸಮಾನಾಂತರವಾಗಿವೆಯೇ ಎಂದು ಮೊಬೈಲಿನ ಮಟ್ಟದ ಆ್ಯಪ್ ಇಟ್ಟು ನೋಡಿದರೆ ಸರಿಯಾಗಿವೆ. ಎಂಬತ್ತು ದಾಟಿದರೂ ನೆಲದಲ್ಲಿ ನಡುಕವಿಲ್ಲ.

ಇನ್ನು ತಕರಾರುಗಳು. ಮೊದಲನೆಯದು ಸಣ್ಣದು, ಆದರೆ ಮುಜುಗರದ್ದು. ಜಿಪ್ಸಿಯಲ್ಲಿ ಸ್ಪೀಡೋಮೀಟರ್ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ. ಅದನ್ನು ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಸ್ಪೀಡೋಮೀಟರಿಗೆ ಜೀವವಿಲ್ಲ. ಕಾರು ಕೈಗೆ ಕೊಡುವಾಗ ಮುಳ್ಳು ಸೊನ್ನೆಯಲ್ಲೇ ಮಲಗಿತ್ತು. ಶಾಫ್ಟಿನ ಫ್ಲ್ಯಾಂಜಿಗೆ ಮ್ಯಾಗ್ನೆಟ್ಟು, ಪಕ್ಕದಲ್ಲೊಂದು ಸೆನ್ಸರ್, ಇಲ್ಲವೇ ಜಿಪಿಎಸ್ ಸ್ಪೀಡೋಮೀಟರ್: ಯಾವುದನ್ನಾದರೂ ಮೊದಲೇ ಮಾತಾಡಿಕೊಳ್ಳಬೇಕು.

ಕೂಲಿಂಗ್ ಓಡುವಾಗ ಚೆನ್ನ, ನಿಂತಾಗ ಅಷ್ಟಕ್ಕಷ್ಟೆ. ಆನಗೋಡು, ಭರಮಸಾಗರ ದಾಟಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಷ್ಟು ಹೊತ್ತೂ ಬಿಸಿ ತೋರಿಸುವ ಮುಳ್ಳು ನಡುವಿನಿಂದ ಅಲುಗಲಿಲ್ಲ. ಮಂಡಿಪೇಟೆಯ ಸಂದಣಿಯಲ್ಲಿ ಹತ್ತು ನಿಮಿಷ ತೆವಳಿದರೆ ಮೇಲೇರುತ್ತದೆ. ಕಾರಣ ಎರಡು. ಹೆರಾಲ್ಡಿನ ಮೂಗು ತಗ್ಗು, ಹಾಗಾಗಿ ರೇಡಿಯೇಟರಿನ ಮುಚ್ಚಳ ಸಿಲಿಂಡರ್ ಹೆಡ್ಡಿಗಿಂತ ಕೆಳಗೆ ಬಂದಿದೆ. ಗಾಳಿ ಮೇಲಕ್ಕೇರಿ ಹೆಡ್ಡಿನಲ್ಲೇ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಫೈರ್‌ವಾಲಿನ ಮೇಲೆ, ಹೆಡ್ಡಿಗಿಂತ ಎತ್ತರಕ್ಕೆ, ಒತ್ತಡ ತಡೆಯುವ ಎಕ್ಸ್‌ಪ್ಯಾನ್ಷನ್ ಬಾಟಲಿ ಇಟ್ಟು ನೀರನ್ನು ಅಲ್ಲಿಂದಲೇ ತುಂಬಬೇಕು. ಎರಡನೆಯದು, ಎಲೆಕ್ಟ್ರಿಕ್ ಫ್ಯಾನಿಗೆ ಸುತ್ತ ಕವಚವಿಲ್ಲ, ಅದು ಎದುರಿಗಿರುವ ಒಂದು ಚಕ್ರದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ. ತಗಡಿನ ಕವಚ ಕಟ್ಟಲು ಅರ್ಧ ದಿನದ ಕೆಲಸ. ಅಲ್ಯೂಮಿನಿಯಂ ಎಂಜಿನ್ನಾದ್ದರಿಂದ ಬೋರ್‌ವೆಲ್ ನೀರು ಹುಯ್ಯುವುದು ಬೇಡವೇ ಬೇಡ. ಈ ಕಡೆಯ ಗಡಸು ನೀರಿಗೆ ರೇಡಿಯೇಟರ್ ಒಳಗೆ ಸುಣ್ಣ ಕಟ್ಟುತ್ತದೆ, ಹೆಡ್ಡು ತಿನ್ನಿಸಿಕೊಳ್ಳುತ್ತದೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ.

ಇನ್ನೊಂದು ಬಿಸಿ ಸಮಸ್ಯೆ ಪೆಟ್ರೋಲಿನದು. ಬೆಣ್ಣೆ ದೋಸೆಗೆಂದು ಇಪ್ಪತ್ತು ನಿಮಿಷ ನಿಲ್ಲಿಸಿ ಬಂದರೆ ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಎಂಜಿನ್ ನಿಂತ ಮೇಲೆ ಅದರ ಕಾವು ಮೇಲಕ್ಕೇರಿ ಕಾರ್ಬುರೇಟರಿನ, ಪಂಪಿನ ಪೆಟ್ರೋಲನ್ನು ಆವಿ ಮಾಡುತ್ತದೆ. ಹೆರಾಲ್ಡಿನ ಟ್ಯಾಂಕಿಗೆ ರಿಟರ್ನ್ ಪೈಪಿಲ್ಲ, ಶೆಡ್ಡಿನವರೂ ಹಾಕಿಲ್ಲ. ಟ್ಯಾಂಕಿಗೆ ಒಂದು ನಿಪ್ಪಲ್ ಬೆಸೆದು ಸಣ್ಣ ರಿಟರ್ನ್ ಎಳೆದರೆ ಬಿಸಿಯಾದ ಪೆಟ್ರೋಲ್ ವಾಪಸ್ ಹರಿದು ತೊಂದರೆ ತಗ್ಗುತ್ತದೆ. ಟ್ಯಾಂಕಿಗೆ ಬೆಂಕಿ ತೋರಿಸುವ ಮುನ್ನ ಪೂರ್ತಿ ಖಾಲಿ ಮಾಡಿ, ನೀರು ತುಂಬಿಸಿ ಆವಿ ಹೊರಹಾಕಬೇಕು ಅನ್ನುವುದನ್ನು ಹೇಳಬೇಕಾಗಿಲ್ಲ, ಆದರೂ ಹೇಳಿದ್ದಾಯಿತು. ಈಗ ಬಂಕಿನಲ್ಲಿ ಬರುವುದು ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಪೈಪನ್ನು ಅದು ಮೆತ್ತಗೆ ಮಾಡಿ ಸೀಳುತ್ತದೆ. ಎಥನಾಲ್ ತಾಳುವ ಪೈಪನ್ನೇ ಹಾಕಿಸಿಕೊಳ್ಳಬೇಕು.

ವೈರಿಂಗ್ ಪರವಾಗಿಲ್ಲ. ಆ ಕಾಲದ ಎಷ್ಟೋ ಹೆರಾಲ್ಡುಗಳು ಪಾಸಿಟಿವ್ ಅರ್ತಿನವು (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಕಟ್ಟಿದವು), ಡೈನಮೋ ಇರುವವು. ಆಲ್ಟರ್ನೇಟರ್ ಬಂದಾಗ ಬ್ಯಾಟರಿ ತಿರುಗಿಸಬೇಕು, ಹಳೆಯ ಆಮ್‌ಮೀಟರ್ ಇದ್ದರೆ ಬಿಚ್ಚಿ ವೋಲ್ಟ್‌ಮೀಟರ್ ಹಾಕಬೇಕು, ಇಲ್ಲವಾದರೆ ಹೆಚ್ಚಿದ ಕರೆಂಟೆಲ್ಲ ಆ ಸಣ್ಣ ಮೀಟರಿನ ಮೂಲಕವೇ ಹರಿದು ಡ್ಯಾಶ್‌ಬೋರ್ಡಿನ ಹಿಂದೆ ವೈರು ಬೇಯುತ್ತದೆ. ಇದನ್ನು ಮಾಡಿದ್ದಾರೆ.

ದೊಡ್ಡ ದೂರು ಹಿಂದಿನ ಆಕ್ಸಲ್ ಮೇಲೆ. ಡಿಫರೆನ್ಷಿಯಲ್ ಕೇಳಿದರೆ ಶೆಡ್ಡಿನಲ್ಲಿ ಒಂದೇ ಉತ್ತರ: "ಅದು ಹಂಗೇ ಇರ್ಲಿ ಬಿಡ್ರಿ ಸಾರ್, ಏನೂ ಆಗಲ್ಲ." ಆಗುತ್ತದೆ, ಲೆಕ್ಕ ನೋಡಿ. ಹಳೆ ಎಂಜಿನ್ನಿನ ಟಾರ್ಕು ಸುಮಾರು 65 ನ್ಯೂಟನ್ ಮೀಟರ್, ಹೊಸದರದು 100ರ ಹತ್ತಿರ. ಹಳೆಯ ಡಬ್ಬದ ಮೊದಲ ಗೇರು 4.27, ಜಿಪ್ಸಿಯದು 3.652. ಗುಣಿಸಿದರೆ ಮೊದಲ ಗೇರಿನಲ್ಲಿ ಡಿಫರೆನ್ಷಿಯಲ್ಲಿನ ಸಣ್ಣ ಹಲ್ಲುಚಕ್ರವಾದ ಪಿನಿಯನ್ನಿಗೆ ತಲುಪುವ ತಿರುಚು ಮೂರನೇ ಒಂದು ಪಾಲಿನಷ್ಟು ಹೆಚ್ಚಾಯಿತು. ಅರವತ್ತರ ದಶಕದ, ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಎಣ್ಣೆ ಹಿಡಿಯುವ ಪುಟ್ಟ ಡಿಫರೆನ್ಷಿಯಲ್ ಅದು. ಮೆತ್ತಗೆ ಹೊರಟರೆ ತಾಳುತ್ತದೆ. ಕ್ಲಚ್ಚನ್ನು ತಟ್ಟನೆ ಬಿಡುವ ಕಾಲಿಗೆ ತಾಳುವುದಿಲ್ಲ. ಪಿನಿಯನ್ ಸೀಲು, ಬೇರಿಂಗು ಹೊಸದು ಹಾಕಿ, ಕ್ರೌನ್ ಪಿನಿಯನ್ನಿನ ಹಲ್ಲು ಕಚ್ಚುವ ಗುರುತು ನೋಡಿ ಶಿಮ್ (ಅಂತರ ಸರಿಪಡಿಸುವ ತೆಳು ತಗಡು) ಕೂರಿಸುವುದು ಈ ಕೆಲಸದ ಭಾಗವೇ ಹೊರತು ಹೆಚ್ಚುವರಿ ಅಲ್ಲ.

ಅನುಪಾತದಲ್ಲಿ ಮಾತ್ರ ಅದೃಷ್ಟ ಕೈಹಿಡಿದಿದೆ. ಹೆರಾಲ್ಡಿನ 4.875ರ ಡಿಫರೆನ್ಷಿಯಲ್ ಹಳೆಯ ನಾಲ್ಕು ಗೇರಿನಲ್ಲಿ ಎಂಬತ್ತು ಕಿಲೋಮೀಟರಿಗೆ ಎಂಜಿನ್ನನ್ನು 3,700 ಸುತ್ತಿನ ಹತ್ತಿರ ಅರಚಿಸುತ್ತಿತ್ತು. ಜಿಪ್ಸಿ ಡಬ್ಬದ ಐದನೇ ಗೇರು 0.795. ಹದಿಮೂರು ಇಂಚಿನ 155/80 ಟೈರಿನ ಮೇಲೆ ಅದೇ ಎಂಬತ್ತಕ್ಕೆ ಈಗ 2,900ರ ಆಸುಪಾಸು. ಟ್ರಯಂಫ್‌ನ 4.11 ಸಿಕ್ಕರೆ 2,500ಕ್ಕೆ ಇಳಿಯುತ್ತದೆ, ಆದರೆ ಅದಕ್ಕಾಗಿ ಹೊರದೇಶದಿಂದ ತರಿಸುವಷ್ಟು ಲಾಭವಿಲ್ಲ.

ಸ್ವಿಂಗ್ ಆಕ್ಸಲ್ ವಿಷಯ ಹಾಗಲ್ಲ. ಹೆರಾಲ್ಡಿನ ಹಿಂದಿನ ಎರಡು ಚಕ್ರಗಳೂ ಡಿಫರೆನ್ಷಿಯಲ್ ಬದಿಯ ಒಂದೊಂದು ಕೀಲಿನ ಸುತ್ತ ತೂಗುತ್ತವೆ, ಮೇಲೆ ಅಡ್ಡಕ್ಕೊಂದು ಲೀಫ್ ಸ್ಪ್ರಿಂಗ್. ತಿರುವಿನಲ್ಲಿ ವೇಗವಾಗಿ ಹೋಗುತ್ತಾ ಥಟ್ಟನೆ ಆ್ಯಕ್ಸಿಲರೇಟರ್ ಬಿಟ್ಟರೆ, ಅದಕ್ಕಿಂತ ಕೆಟ್ಟದಾಗಿ ಬ್ರೇಕ್ ಒತ್ತಿದರೆ, ಹಿಂಭಾಗ ಎದ್ದು ಹೊರಗಿನ ಚಕ್ರ ಕಾರಿನಡಿಗೆ ಮಡಚಿಕೊಳ್ಳುತ್ತದೆ. ಟೈರು ಅಂಚಿನ ಮೇಲೆ ನಿಂತು ಹಿಂಭಾಗ ಜಾರುತ್ತದೆ. ನಲವತ್ತು ಅಶ್ವಶಕ್ತಿಯಲ್ಲಿ ಆ ವೇಗ ಮುಟ್ಟುವುದೇ ಅಪರೂಪವಿತ್ತು. ಈಗ ಎರಡನೇ ಗೇರಿನಲ್ಲೇ ಮುಟ್ಟಬಹುದು. ಜಿಟಿ6ಗೆ ಬೈಗುಳ ಬಿದ್ದದ್ದು ಇದಕ್ಕೇ. ಟ್ರಯಂಫ್ 1968ರಲ್ಲಿ ಅದಕ್ಕೆ ಚಕ್ರ ಮಡಚದಂತೆ ಹಿಡಿಯುವ ಕೆಳಗಿನ ವಿಷ್‌ಬೋನ್ ತೋಳು ಸೇರಿಸಿತು, 1970ರ ಸ್ಪಿಟ್‌ಫೈರ್ ಮಾರ್ಕ್ 4ಕ್ಕೆ ಲೀಫ್ ಸ್ಪ್ರಿಂಗಿನ ಒಂದು ಪಟ್ಟಿ ಬಿಟ್ಟು ಉಳಿದವು ನಡುವಿನಲ್ಲಿ ತೂಗುವಂತೆ ಮಾಡಿತು. ಈ ಶೆಡ್ಡಿನ ಕಾರು ಜೋಗಿಮಟ್ಟಿ ಕಡೆಯ ತಿರುವುಗಳಲ್ಲಿ ಇಳಿಯುವಾಗ ಕಾಲು ಎತ್ತಿದ ಕೂಡಲೇ ಬಾಲ ಸರಿಯುತ್ತದೆ. ಯಾಕೆಂದರೆ ಹಳೆಯ ಸ್ಪ್ರಿಂಗಿನ ಮೇಲೆ ಹೊಸ ಪಟ್ಟಿ ಸೇರಿಸಿ ಹಿಂಭಾಗ ಎತ್ತರಿಸಿದ್ದಾರೆ, ನೋಡಲು ಗತ್ತಾಗಿರಲಿ ಅಂತ. ಮಾಡಬೇಕಿದ್ದದ್ದು ತದ್ವಿರುದ್ಧ: ಒಬ್ಬ ಕೂತಾಗ ಹಿಂದಿನ ಚಕ್ರಗಳ ತಲೆ ಒಂದೆರಡು ಡಿಗ್ರಿ ಒಳಕ್ಕೆ ವಾಲುವಂತೆ ಇಳಿಸುವುದು. ಆ ಪಟ್ಟಿಯನ್ನು ತೆಗೆಸುವವರೆಗೆ ಈ ಕಾರನ್ನು ಘಾಟಿಗೆ ಒಯ್ಯಬಾರದು.

ಬ್ರೇಕೂ ಅಷ್ಟೆ. ನಾಲ್ಕೂ ಚಕ್ರಕ್ಕೆ ಡ್ರಮ್ಮು, ಎಲ್ಲಕ್ಕೂ ಸೇರಿ ಒಂದೇ ಸರ್ಕ್ಯೂಟು. ಒಂದು ಪೈಪ್ ಒಡೆದರೆ ಪೆಡಲ್ ನೆಲ ಕಚ್ಚಿತೆಂದೇ ಲೆಕ್ಕ. ಶೆಡ್ಡಿನ ಅಂದಾಜು ಪಟ್ಟಿಯಲ್ಲಿ ಬ್ರೇಕಿನ ಹೆಸರೇ ಇಲ್ಲ. ಮುಂದೆ ಡಿಸ್ಕ್, ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಇಲ್ಲದೆ ಈ ಎಂಜಿನ್ ಹಾಕುವುದು ತಪ್ಪು. ಮುಂಚಕ್ರ ತಿರುಗುವ ಬುಡದ ಕೀಲಾದ ಹಿತ್ತಾಳೆ ಟ್ರನಿಯನ್ನಿಗೆ ಇಲ್ಲಿ ಎಲ್ಲರಂತೆ ಇವರೂ ಗ್ರೀಸ್ ಹೊಡೆದಿದ್ದಾರೆ. ಅದಕ್ಕೆ ಬೇಕಾದದ್ದು ಗೇರ್‌ಬಾಕ್ಸಿಗೆ ಹಾಕುವ 90 ನಂಬರ್ ಎಣ್ಣೆ. ಗ್ರೀಸು ಸ್ಕ್ರೂ ಎಳೆಗಳೊಳಗೆ ಇಳಿಯುವುದಿಲ್ಲ, ಒಳಗೆ ತುಕ್ಕು ಹಿಡಿದು ಒಂದು ದಿನ ಚಕ್ರ ಹಿಡಿಯುವ ವರ್ಟಿಕಲ್ ಲಿಂಕ್ ಮುರಿದು ಚಕ್ರ ಮಲಗುತ್ತದೆ. ಚಾಸಿಯ ಬದಿಗೆ ಚಾಚಿ ಬಾಡಿ ಹೊರುವ ಔಟ್‌ರಿಗರುಗಳನ್ನೂ ಸುತ್ತಿಗೆಯಲ್ಲಿ ತಟ್ಟಿ ನೋಡಬೇಕು. ಟಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ತುಕ್ಕು.

ಕಾಗದದ ವಿಚಾರದಲ್ಲಿ ಶೆಡ್ಡಿನವರು ಕೈ ತೊಳೆದುಕೊಳ್ಳುತ್ತಾರೆ: "ಆರ್‌ಟಿಒ ಎಲ್ಲಾ ನೀವೇ ನೋಡ್ಕೋರಿ." ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ, ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಒಂದು, ಬ್ಲಾಕಿನ ಮೇಲಿರುವುದು ಇನ್ನೊಂದಾದರೆ ಕೆಎ 17 ಇರಲಿ, ಕೆಎ 16 ಇರಲಿ, ಎಫ್‌ಸಿ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ, ವಿಮೆಯವರೂ ಕ್ಲೇಮ್ ತಳ್ಳಿಹಾಕಬಹುದು. ಹಾಗಾಗಿ ಕೆಲಸಕ್ಕೆ ಕೊಡುವ ಮೊದಲೇ ಕಚೇರಿಯಲ್ಲಿ ಲಿಖಿತವಾಗಿ ಕೇಳಬೇಕು, ಒಪ್ಪದಿದ್ದರೆ ಆಸೆ ಬಿಡಬೇಕು ಅಥವಾ ಖಾಸಗಿ ಜಾಗದಲ್ಲಷ್ಟೇ ಓಡಿಸಬೇಕು. ಇನ್ನೊಂದು ನಷ್ಟವನ್ನು ಯಾರೂ ಹೇಳುವುದಿಲ್ಲ. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಹೊಸದಾಗಿ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದಂತೆ ಇರಬೇಕು. ಎಂಜಿನ್ ಬದಲಾದ ಹೆರಾಲ್ಡಿಗೆ ಆ ಬಾಗಿಲು ಮುಚ್ಚಿತು. ಹಳೆಯ 948 ಎಂಜಿನ್ನನ್ನು ಗುಜರಿಗೆ ಹಾಕದೆ ಎಣ್ಣೆ ತುಂಬಿ, ಸ್ಪಾರ್ಕ್ ಪ್ಲಗ್ಗಿನ ತೂತು ಮುಚ್ಚಿ ಇಟ್ಟುಕೊಳ್ಳಬೇಕಾದದ್ದು ಇದಕ್ಕೇ. ಬೋಲ್ಟಿನ ಮೇಲೆ ನಿಂತಿರುವ ಈ ಶೆಡ್ಡಿನ ಬ್ರಾಕೆಟ್ಟಿಗೆ ಬೆಲೆ ಬರುವುದೂ ಆಗಲೇ.

ಆರು ವಾರ ಅಂದಿದ್ದು ಹತ್ತು ವಾರವಾಯಿತು. ಈ ಕೆಲಸಕ್ಕೆ ಅದು ಹೆಚ್ಚಲ್ಲ. ಕೂಲಿ ಬೇರೆ, ಸಾಮಾನು ಬೇರೆ ಹಿಡಿಯುತ್ತಾರೆ. ಎಂಜಿನ್ನನ್ನು ಅವರ ಕೈಯಲ್ಲೇ ತರಿಸುವುದಾದರೆ ಇಳಿಸುವ ಮುನ್ನ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಎದುರಿಗೇ ಅಳೆಸಿಕೊಳ್ಳಬೇಕು. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ರ್ಯಾಂಕಿನ ಎರಡೂ ಸೀಲು, ಕ್ಲಚ್ ಪ್ಲೇಟು ಎಂಜಿನ್ ಹೊರಗಿರುವಾಗಲೇ ಹೊಸದಾಗಬೇಕು. ಅಂದಾಜು ಪಟ್ಟಿಯಲ್ಲಿ ಡಿಫರೆನ್ಷಿಯಲ್ ಬಿಚ್ಚಿ ನೋಡುವುದು, ಡಿಸ್ಕ್ ಬ್ರೇಕು, ರಿಟರ್ನ್ ಪೈಪು, ಎಕ್ಸ್‌ಪ್ಯಾನ್ಷನ್ ಬಾಟಲಿ, ಸ್ಪೀಡೋಮೀಟರ್ ಇವಿಷ್ಟನ್ನೂ ಮುಂಗಡ ಕೊಡುವ ಮೊದಲೇ ಬರೆಸಿಕೊಂಡರೆ, ಮೌಂಟು ಮತ್ತು ಶಾಫ್ಟಿನ ಕೆಲಸಕ್ಕೆ ಈ ಸೀಮೆಯಲ್ಲಿ ಇವರ ಬಳಿಗೇ ಹೋಗಬಹುದು. ಹಿಂದಿನ ಸ್ಪ್ರಿಂಗಿಗೆ ಮಾತ್ರ ಒಂದು ಪಟ್ಟಿಯನ್ನೂ ಸೇರಿಸಬೇಡಿ ಎಂದು ದೊಡ್ಡಕ್ಷರದಲ್ಲಿ ಬರೆಸಿ.